ಪೂರ್ವಸಮುದ್ರದ ದಾರಿಯಲ್ಲಿ

ಪ್ರವಾಸಕ್ಕೆಂದು ಮನೆಯಿಂದ ಹೊರಬೀಳುವ ಕನ್ನಡಿಗನ ಮನಸ್ಸು, ಪುಣ್ಯಾಪೇಕ್ಷೆಯುಳ್ಳದ್ದಾದರೆ ಕಾಶಿ ರಾಮೇಶ್ವರಗಳ ಕಡೆಗೂ ವಿನೋದಾಪೇಕ್ಷೆಯುಳ್ಳದ್ದಾದರೆ ಗೋವೆ ಉದಕಮಂಡಲಗಳ ಕಡೆಗೂ ಹೊರಳುವುದು ವಾಡಿಕೆ. ತಿರುಪತಿಯ ಬೆಟ್ಟವೊಂದನ್ನು ಬಿಟ್ಟರೆ ಪೂರ್ವದಿಕ್ಕಿನಲ್ಲಿ ತಾನು ನೋಡತಕ್ಕದ್ದು ಏನಾದರೂ ಉಂಟೆಂಬ ಭಾವನೆ ಅವನಲ್ಲಿ ವಿರಳ. ಬಳ್ಳಾರಿಯವರಾದ ನಮಗಂತೂ ಈ ಔದಾಸೀನ್ಯ ಸಲ್ಲತಕ್ಕದ್ದಲ್ಲ. ನಮ್ಮ ಊರಿನ ಬಜಾರಿನಲ್ಲಿ ಕನ್ನಡದಲ್ಲಿ ಆರಂಭವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದು ನಿತ್ಯದ ಸಂಗತಿ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಅದೇ ದಿನ ಬಳ್ಳಾರಿಯು ಮದರಾಸಿನ ಆಡಳಿತದಿಂದ ಬಿಡುಗಡೆ ಹೊಂದಿ ಮೈಸೂರನ್ನು ಸೇರಿತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದುವು, ಹೆಣ್ಣು ಕೊಟ್ಟು ತಂದ ಮನೆಗಳು ಒಂದು ಬೆಳಗಾಗುವುದರೊಳಗೆ ಎರಡು ರಾಜ್ಯಗಳಲ್ಲಿ ಹಂಚಿಹೋದುವು. ಇಷ್ಟು ಹತ್ತಿರದ ನೆಂಟಸ್ತಿಕೆಯಿದ್ದೂ ಗುಂತಕಲ್ಲಿನ ಜಂಕ್ಷನ್ನಿನ ಆಚೆಗೆ ಆ ನಾಡು ಹೇಗಿದೆಯೆಂಬುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಹೆಚ್ಚು ಮಂದಿ ಇರಲಿಲ್ಲ. 1983ರ ಜನವರಿಯವರೆಗೆ ನಾನೂ ಕಂಡಿರಲಿಲ್ಲ.

ನನ್ನನ್ನು ಕರೆದುಕೊಂಡು ಹೋದವನು ನನ್ನ ಬಾಲ್ಯಮಿತ್ರ. ಅವನದು ಶೇಂಗಾ ಹಿಂಡಿಯ ವ್ಯಾಪಾರ. ಹಡಗಿಗೆ ಸರಕು ತುಂಬಿಸುವ ದಲ್ಲಾಳಿಯೊಬ್ಬನನ್ನು ಅವನು ಸಂಕ್ರಾಂತಿಯ ಮರುವಾರದ ಸೋಮವಾರ ವಿಶಾಖಪಟ್ಟಣದಲ್ಲಿ ಕಾಣಬೇಕಾಗಿತ್ತು. ರೈಲಿನಲ್ಲಿ ಸುಖವಾಗಿ ಮಲಗಿಕೊಂಡು ಹೋಗಬಹುದಾದ ಆ ದೂರವನ್ನು ತನ್ನ ಅಂಬಾಸಿಡರ್ ಕಾರಿನಲ್ಲಿಯೇ ಕ್ರಮಿಸಬೇಕೆಂದು ಅವನು ನಿಶ್ಚಯಿಸಿದ್ದಕ್ಕೆ ಆ ಕಾರಿನ ಮೇಲಿನ ಅಭಿಮಾನವಲ್ಲದೆ ಬೇರೆ ಕಾರಣ ನನಗೆ ತೋಚಲಿಲ್ಲ. “ಮೇಷ್ಟ್ರೇ, ಮುಂದಿನ ಸೀಟು ಖಾಲಿ ಐತಿ. ಹಬ್ಬದ ರಜಾದಾಗ ಮನಿಯಾಗ ಕುಂತು ಏನ್ ಮಾಡ್ತಿ? ಬೆಜವಾಡ, ವೈಜಾಗು ಎರಡೂ ತೋರ್ಸಿಕ್ಯಂಡು ಬರ್ತೀನಿ, ನಡಿ” ಎಂದ. ಕಾಲೇಜಿನಲ್ಲಿ ಹಳಗನ್ನಡವನ್ನು ಪಾಠ ಹೇಳುವ ನನ್ನಂಥವನು ದಾರಿಯುದ್ದಕ್ಕೂ ಶಾಸನ, ದೇವಾಲಯ, ಕೋಟೆಗಳೆಂದು ಇಳಿಯಲು ಹಾತೊರೆಯುವನೆಂಬುದು ಅವನಿಗೆ ಗೊತ್ತಿದ್ದುದರಿಂದ, ಹೊರಡುವ ಮುನ್ನವೇ ನಿಬಂಧನೆಯನ್ನು ವಿಧಿಸಿದ: ಕಾರು ನಿಲ್ಲುವುದು ಪೆಟ್ರೋಲಿಗೆ, ಚಹಕ್ಕೆ, ದೇವರಿಗೆ, ನಾಲ್ಕನೆಯದಕ್ಕೆ ನಿಲ್ಲುವುದಿಲ್ಲ. ಈ ನಿಯಮವನ್ನು ಅವನು ಪರಿಪಾಲಿಸಿದ ನಿಷ್ಠೆಯನ್ನು ನೆನೆದರೆ ಇಂದಿಗೂ ನನಗೆ ಕೋಪವೂ ನಗೆಯೂ ಏಕಕಾಲಕ್ಕೆ ಬರುತ್ತವೆ.

ಸಂಕ್ರಾಂತಿಯ ನಸುಕಿನಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಬುತ್ತಿಯನ್ನು ಹಿಂದಿನ ಸೀಟಿನಲ್ಲಿರಿಸಿಕೊಂಡು ನಾವು ಬಳ್ಳಾರಿಯನ್ನು ಬಿಟ್ಟೆವು. ಗುತ್ತಿಯ ಕೋಟೆಯು ಎಡಬಲಗಳೆಂಬ ವಿವೇಚನೆಗೆ ಅವಕಾಶವಿಲ್ಲದಂತೆ ಮಂಜಿನಲ್ಲಿ ಕಂಡು ಮರೆಯಾಯಿತು. ಬಿಳಿಜೋಳದ ಎರೆಹೊಲಗಳು ಮುಗಿದು ನಂದ್ಯಾಲ ಹಿಂದಾದ ಮೇಲೆ ನಲ್ಲಮಲೆಯ ಕಾಡು ಮೊದಲಾಯಿತು. ಎರಡು ಬಯಲುನಾಡುಗಳ ನಡುವೆ ತೇಗ ಬಿದಿರುಗಳಿಂದ ನಿಬಿಡವಾದ ಇಂಥದೊಂದು ಮಹಾರಣ್ಯವು ನಿಂತಿರುವುದೆಂದು ಭೂಪಟವನ್ನು ನೋಡಿ ನಾನು ಊಹಿಸಿರಲಿಲ್ಲ. ದಿಗುವಮೆಟ್ಟದ ಬಳಿ ಟೈರು ಪಂಕ್ಚರಾಯಿತು. ಮಿತ್ರನು ಸ್ಟೆಪ್ನಿ ತೆಗೆದು ಜೋಡಿಸುವಷ್ಟು ಹೊತ್ತು ನನಗೆ ಕಾಡನ್ನು ನೋಡುವ ಸ್ವಾತಂತ್ರ್ಯ ಲಭಿಸಿತು. ಅಲ್ಲಿಂದ ಮುಂದೆ, ಗಿದ್ದಲೂರಿಗೂ ಕಂಭಂಗೂ ನಡುವಣ ಸೀಮೆಯಲ್ಲಿ, ಮೋಕ್ಷಗುಂಡಂ ಎಂಬ ಹಳ್ಳಿಯಿದೆ. ನಮ್ಮ ವಿಶ್ವೇಶ್ವರಯ್ಯನವರ ಪೂರ್ವಿಕರು ಶತಮಾನಗಳ ಹಿಂದೆ ಮೈಸೂರು ಸೀಮೆಗೆ ವಲಸೆ ಬಂದದ್ದು ಆ ಊರಿನಿಂದ. “ಅಲ್ಲಿ ದೇವರು ಐತೇನು?” ಎಂದು ಕೇಳಿದ ಮಿತ್ರನಿಗೆ, ಮುಕ್ತೇಶ್ವರನ ಗುಡಿಯುಂಟೆಂದು ಹೇಳುವಷ್ಟರಲ್ಲಿ ಅಡ್ಡದಾರಿಯು ಹಿಂದೆ ಬಿದ್ದಿತ್ತು.

ಕಂಭಂನಲ್ಲಿ ರೇಡಿಯೇಟರು ನೀರು ಬೇಡಿತು. ಗುಂಡ್ಲಕಮ್ಮ ನದಿಯನ್ನು ಬೆಟ್ಟಗಳ ಸಂದಿನಲ್ಲಿ ಅಡ್ಡಗಟ್ಟಿ ಮಾಡಿರುವ ಅಲ್ಲಿಯ ಕೆರೆಯು ವಿಜಯನಗರದ ಕಾಲದ್ದು; ಕಳಿಂಗದ ಅರಸನಾದ ಗಜಪತಿಯ ಮಗಳಾಗಿ ಹುಟ್ಟಿ ಕೃಷ್ಣದೇವರಾಯನ ಕೈಹಿಡಿದ ವರದರಾಜಮ್ಮನು ಅದನ್ನು ಕಟ್ಟಿಸಿದಳೆಂಬ ಪ್ರತೀತಿಯುಂಟು. ಏರಿಯ ಮೇಲೆ ನಿಂತಾಗ ನನಗೆ ಹೊಳೆಯಿತು, ನಾವು ಹೋಗುತ್ತಿರುವ ದಾರಿಯ ಕೊನೆಯೂ ಆ ಗಜಪತಿಯ ಮೇಲೆ ರಾಯನು ನಡೆಸಿದ ದಂಡಯಾತ್ರೆಯ ಕೊನೆಯೂ ಒಂದೇ ಎಂದು. ಉದಯಗಿರಿಯನ್ನು ಹಿಡಿದು, 1515ರಲ್ಲಿ ಕೊಂಡವೀಡನ್ನು ಗೆದ್ದು, ಕೃಷ್ಣೆಯನ್ನು ದಾಟಿ ಕೊಂಡಪಲ್ಲಿಯನ್ನು ವಶಮಾಡಿಕೊಂಡು, ರಾಜಮಹೇಂದ್ರಿಯನ್ನು ಹಾಯ್ದು, 1516ರಲ್ಲಿ ಸಿಂಹಾಚಲದ ದೇವರ ಮುಂದೆ ನಿಂತ ಆ ಚಕ್ರವರ್ತಿಗೆ ವರ್ಷಗಳು ಹಿಡಿದ ಯಾತ್ರೆಯನ್ನು ನನ್ನ ಮಿತ್ರನು ಒಂದು ಹಬ್ಬದ ರಜೆಯಲ್ಲಿ ಮುಗಿಸುವ ಹವಣಿಕೆಯಲ್ಲಿದ್ದ. ಈ ವಿಚಾರವನ್ನು ಅವನಿಗೆ ತಿಳಿಸಿದಾಗ, “ರಾಯರಿಗೆ ಸೋಮವಾರ ದಲ್ಲಾಳಿ ಭೇಟಿ ಇರಲಿಲ್ಲಪ್ಪ” ಎಂದು ಬಾನೆಟ್ಟನ್ನು ಮುಚ್ಚಿದ.

ಬಳಪದ ಹಲಗೆಗಳಿಗೆ ಹೆಸರಾದ ಮಾರ್ಕಾಪುರ, ಬಳಿಕ ವಿನುಕೊಂಡ. ನರಸರಾವುಪೇಟೆಯಿಂದ ಮುಂದಕ್ಕೆ ನಾಗಾರ್ಜುನಸಾಗರದ ಕಾಲುವೆ ಮುಟ್ಟಿದ ನೆಲ. ಹತ್ತಿ, ಹೊಗೆಸೊಪ್ಪು, ಆಗತಾನೆ ಕೆಂಪೇರತೊಡಗಿದ ಮೆಣಸಿನ ಹೊಲಗಳ ನಡುವೆ ಫಿರಂಗಿಪುರದ ಹತ್ತಿರ ಕೊಂಡವೀಡಿನ ಬೆಟ್ಟಸಾಲು ಕಂಡಿತು, ಕಾರು ನಿಲ್ಲಲಿಲ್ಲ. ಗುಂಟೂರಿನ ಅಂಗಡಿಗಳೆಲ್ಲ ಹಬ್ಬಕ್ಕಾಗಿ ಮುಚ್ಚಿದ್ದುವು. ಮಂಗಳಗಿರಿಯಲ್ಲಿ ಮಾತ್ರ ದೇವರ ನಿಬಂಧನೆ ಅನ್ವಯಿಸಿತು: ಅಲ್ಲಿಯ ಬೆಟ್ಟದ ನರಸಿಂಹನಿಗೆ ಬೆಲ್ಲದ ಪಾನಕವೇ ನೈವೇದ್ಯ, ಬಾಯಿಗೆ ಹೊಯ್ದುದರಲ್ಲಿ ಅರ್ಧವನ್ನು ಸ್ವೀಕರಿಸಿ ಅರ್ಧವನ್ನು ಭಕ್ತನಿಗೆ ಬಿಡುತ್ತಾನೆಂಬುದು ನಂಬಿಕೆ. ವ್ಯಾಪಾರಿಯಾದ ನನ್ನ ಮಿತ್ರನಿಗೆ ಈ ಪಾಲುಗಾರಿಕೆಯ ದೇವರು ಬಹಳ ಮೆಚ್ಚಿಕೆಯಾದ.

ಸಂಜೆಯ ಬಿಸಿಲು ಇಳಿಯುತ್ತಿದ್ದ ಹೊತ್ತಿಗೆ ಸೀತಾನಗರದ ತಿರುವಿನಲ್ಲಿ ಕೃಷ್ಣೆ ಕಾಣಿಸಿದಳು. ಆಗಿನ ಹೆದ್ದಾರಿಯು ಪ್ರಕಾಶಂ ಬ್ಯಾರೇಜಿನ ಮೇಲೆಯೇ ಹಾಯ್ದು ವಿಜಯವಾಡವನ್ನು, ಎಂದರೆ ಬೆಜವಾಡವನ್ನು, ಪ್ರವೇಶಿಸುತ್ತಿತ್ತು. 1855ರಲ್ಲಿ ಆಂಗ್ಲ ಇಂಜಿನಿಯರುಗಳು ಮುಗಿಸಿದ ಹಳೆಯ ಅಣೆಕಟ್ಟು ಶತಮಾನದ ಹತ್ತಿರ ಬಾಳಿ 1952ರ ಪ್ರವಾಹದಲ್ಲಿ ಒಡೆದುಹೋಗಲು, ಅದರ ಬಳಿಯಲ್ಲಿ 1957ರಲ್ಲಿ ಪೂರ್ತಿಯಾದ ಈ ಬ್ಯಾರೇಜಿಗೆ ಆಂಧ್ರರಾಜ್ಯದ ಪ್ರಥಮ ಮುಖ್ಯಮಂತ್ರಿಯಾಗಿದ್ದ ಟಂಗುಟೂರಿ ಪ್ರಕಾಶಂ ಪಂತುಲು ಅವರ ಹೆಸರನ್ನಿಟ್ಟರು. ಬಳ್ಳಾರಿಯು ಯಾವ ದಿನ ಕನ್ನಡನಾಡನ್ನು ಸೇರಿತೋ ಅದೇ ದಿನ ಅಧಿಕಾರ ವಹಿಸಿದವರು ಅವರು. ಒಂದು ಕಿಲೋಮೀಟರಿಗೂ ಮೀರಿದ ಆ ಸೇತುವೆಯ ಮಧ್ಯದಲ್ಲಿ, ಪೆಟ್ರೋಲು, ಚಹ, ದೇವರು ಈ ಮೂರರಲ್ಲಿ ಒಂದೂ ಇಲ್ಲದ ಸ್ಥಳದಲ್ಲಿ, ನನ್ನ ಮಿತ್ರನು ತಾನಾಗಿಯೇ ಕಾರನ್ನು ನಿಲ್ಲಿಸಿದನು. ಎಡಗಡೆಗೆ ಕಣ್ಣಿನ ಅಳತೆಯನ್ನು ಮೀರಿ ತುಂಬಿನಿಂತ ಜಲರಾಶಿ; ಎದುರಿಗೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ಗುಡಿಯ ದೀಪಗಳು; ಬಲಗಡೆಗೆ ಮರಳುದಿಣ್ಣೆಗಳ ನಡುವೆ ತೆಳ್ಳಗೆ ಹರಿದು ಹಂಸಲದೀವಿಯ ಕಡೆಗೆ, ಸಮುದ್ರದ ಕಡೆಗೆ, ಸಾಗುವ ನದಿ. “ನಮ್ಮ ಹೊಸಪೇಟೆ ಡ್ಯಾಮಿನ ನೀರು ಇಲ್ಲೀತನ ಬಂದೈತಿ ನೋಡಲೇ” ಎಂದ ಅವನು. ಮಾತು ಸತ್ಯವೇ. ತುಂಗಭದ್ರೆಯು ಶ್ರೀಶೈಲಕ್ಕೆ ಮೇಲುಗಡೆ ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆಯಾದರೋ ಬಿಜಾಪುರ ರಾಯಚೂರುಗಳ ಬಂಡೆಗಳನ್ನು ತೊಳೆದು ಬಂದವಳು. ನಮ್ಮ ನಾಡಿನಲ್ಲಿ ಆಳವಾದ ಕಣಿವೆಯಲ್ಲಿ ಹರಿದು, ದಡದವನಿಗೆ ಒಂದು ಕೊಡ ನೀರು ಕೊಡಲಿಕ್ಕೂ ಸತಾಯಿಸುವ ಆ ನದಿಯು ಇಲ್ಲಿ ಊರಿನ ಮಧ್ಯದಲ್ಲಿಯೇ ಏಲೂರು ಕಾಲುವೆ, ಬಂದರು ಕಾಲುವೆ, ರೈವ್ಸ್ ಕಾಲುವೆಗಳಾಗಿ ಕವಲೊಡೆದು ಮನೆಮನೆಯ ಮೆಟ್ಟಿಲನ್ನು ಮುಟ್ಟುವ ಔದಾರ್ಯವನ್ನು ಕಂಡು, ತವರಿನಲ್ಲಿ ಮುನಿಸಿಕೊಂಡಿದ್ದ ಮಗಳನ್ನು ಗಂಡನ ಮನೆಯಲ್ಲಿ ಅನ್ನಪೂರ್ಣೆಯಾಗಿ ಕಂಡಂತಾಯಿತು. ಹಿಂದಿನ ಲಾರಿಯವನು ಹಾರನ್ನು ಬಾರಿಸಿ ಬೈಯುವವರೆಗೆ ನಾವಿಬ್ಬರೂ ಕಂಬಿಗೊರಗಿ ನಿಂತಿದ್ದೆವು.

ವಿಜಯವಾಡದಲ್ಲಿ ಆ ದಿನಗಳಲ್ಲಿ ಮಾತೆಂದರೆ ಚಿತ್ರನಟ ಎನ್.ಟಿ. ರಾಮರಾವ್ ಅವರ ಮಾತು. ಹಿಂದಿನ ಮಾರ್ಚಿಯಲ್ಲಿ ಪಕ್ಷವನ್ನು ಕಟ್ಟಿ, ಷೆವರ್ಲೆ ವ್ಯಾನೊಂದನ್ನು ಚೈತನ್ಯ ರಥವಾಗಿ ಮಾರ್ಪಡಿಸಿಕೊಂಡು ಊರೂರು ಸುತ್ತಿ, ಜನವರಿ 9ರಂದು ಅವರು ಮುಖ್ಯಮಂತ್ರಿಯಾಗಿದ್ದರು. ಮರುದಿನವೇ ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರು ಪ್ರಮಾಣವಚನ ಸ್ವೀಕರಿಸಿದ್ದರು. ಎರಡು ರಾಜ್ಯಗಳಲ್ಲಿಯೂ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದು ಅದೇ ಮೊದಲು. ರಾಮರಾವ್ ಅವರು ಕೃಷ್ಣಾ ಜಿಲ್ಲೆಯ ನಿಮ್ಮಕೂರಿನವರಾದುದರಿಂದ ಬೆಜವಾಡಕ್ಕೆ ಅವರು ಮನೆಯ ಮಗ. ಚಲನಚಿತ್ರ ಹಂಚಿಕೆದಾರರ ಕಚೇರಿಗಳಿಂದ ತುಂಬಿದ ಗಾಂಧಿನಗರದಲ್ಲಿ ಕೃಷ್ಣನ ವೇಷದ ಭಿತ್ತಿಚಿತ್ರಗಳೂ ಹಳದಿಯ ಬಾವುಟಗಳೂ ಒಂದನ್ನೊಂದು ಮರೆಮಾಡಿಕೊಂಡಿದ್ದುವು. ಗವರ್ನರ್‌ಪೇಟೆಯಲ್ಲಿ ನಾವು ಊಟಕ್ಕೆ ಹೊಕ್ಕ ಉಡುಪಿ ಹೋಟೆಲ್ಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಕುಂದಾಪುರ ಕಡೆಯ ಯಜಮಾನರು ನಮ್ಮ ಕನ್ನಡವನ್ನು ಕೇಳಿ, “ಹೌದು ಮಾರಾಯ್ರೆ, ಹೆಗಡೆಯವರ ಸರ್ಕಾರ ನಿಲ್ತದಾ?” ಎಂದು ಸಾಂಬಾರಿನ ಮುನ್ನವೇ ರಾಜಕೀಯವನ್ನು ಬಡಿಸಿದರು. ವಸತಿಗೃಹದ ವೃದ್ಧ ಗುಮಾಸ್ತರಿಗೆ ಮಾತ್ರ ಹೊಸ ಸರ್ಕಾರಗಳಲ್ಲಿ ಆಸಕ್ತಿಯಿರಲಿಲ್ಲ. ದಾಖಲೆ ಪುಸ್ತಕದಲ್ಲಿ ನಮ್ಮ ಊರಿನ ಹೆಸರನ್ನು ಓದಿದೊಡನೆ ಅವರು ಕನ್ನಡಕವನ್ನು ತೆಗೆದು, “ಬಳ್ಳಾರಿ ರಾಘವಗಾರಿ ಊರಾ?” ಎಂದು ಎದ್ದು ನಿಂತರು. ವಕೀಲರಾಗಿದ್ದು ರಂಗಭೂಮಿಯಲ್ಲಿ ಮೆರೆದು 1946ರಲ್ಲಿ ತೀರಿಕೊಂಡ ರಾಘವರನ್ನು ಅವರು ಹುಡುಗನಾಗಿದ್ದಾಗ ಕಂಡಿದ್ದರಂತೆ. ನಮ್ಮ ಊರಿನಲ್ಲಿ ರಾಘವರ ಹೆಸರಿನ ಮಂದಿರದ ಮುಂದೆ ನಿತ್ಯವೂ ಓಡಾಡುವ ಜನಕ್ಕೆ ಇಲ್ಲದ ಭಕ್ತಿಯನ್ನು ನೂರಾರು ಮೈಲಿಯಾಚೆ ಕಂಡು ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಮರುದಿನ ಬೆಳಿಗ್ಗೆಯೇ ಹೊರಡುತ್ತೇವೆಂದಾಗ ಆ ವೃದ್ಧರು ಅಸಮಾಧಾನದಿಂದ ತಲೆಯಾಡಿಸಿ, “ಕನುಮ ನಾಡು ಕಾಕಿ ಕೂಡಾ ಕದಲದು” ಎಂದರು. ಸಂಕ್ರಾಂತಿಯ ಮರುದಿನವಾದ ಕನುಮದಂದು ಕಾಗೆಯೂ ಜಾಗ ಬಿಟ್ಟು ಕದಲದೆಂದು ಆ ನಾಡಿನ ಗಾದೆ. ಕಾಗೆಗೆ ದಲ್ಲಾಳಿಯ ಕಾಟವಿಲ್ಲವೆಂದು ನನ್ನ ಮಿತ್ರನು ತೆಲುಗಿನಲ್ಲಿಯೇ ಉತ್ತರವಿತ್ತನು.

ಬೆಳಗಿನ ಜಾವದಲ್ಲಿ ಇಂದ್ರಕೀಲಾದ್ರಿಯನ್ನು ಹತ್ತಿದೆವು. ಅರ್ಜುನನು ತಪಸ್ಸು ಮಾಡಿ ಕಿರಾತನೊಡನೆ ಹೋರಾಡಿ ಪಾಶುಪತವನ್ನು ಪಡೆದದ್ದು ಈ ಬೆಟ್ಟದಲ್ಲಿ ಎಂದು ಅಲ್ಲಿಯವರ ದೃಢವಾದ ವಿಶ್ವಾಸ. ಪಂಪಭಾರತವನ್ನು ಪಾಠ ಹೇಳಿ ಜೀವನೋಪಾಯ ಮಾಡಿಕೊಂಡವನಿಗೆ ಆ ವಿಶ್ವಾಸವು ಕಥೆಯಾಗಿ ಮಾತ್ರ ತೋರಲಾರದು. ಅರ್ಜುನನನ್ನೂ ತನ್ನ ಅರಸನಾದ ಅರಿಕೇಸರಿಯನ್ನೂ ಒಂದಾಗಿಸಿ 941ರಲ್ಲಿ ಕಾವ್ಯವನ್ನು ರಚಿಸಿದ ಪಂಪನ ಹಿರಿಯರು ವೆಂಗಿಮಂಡಲದ ಬ್ರಾಹ್ಮಣರು; ಪೊನ್ನನೂ ಛಂದೋಂಬುಧಿಯ ನಾಗವರ್ಮನೂ ಆ ನಾಡಿನ ಮೂಲದವರೇ. ವೆಂಗಿಯು ಎಲ್ಲಿತ್ತೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಕಪ್ಪುಹಲಗೆಯ ಮೇಲೆ ಎರಡು ನದಿಗಳನ್ನು ಗೀಚಿ ನಡುವೆ ಚುಕ್ಕೆಯೊಂದನ್ನಿಡುತ್ತಿದ್ದ ನಾನು, ಆ ಕನುಮದ ಬೆಳಿಗ್ಗೆ ಏಲೂರಿನ ದಾರಿಯಲ್ಲಿ ಆ ಚುಕ್ಕೆಯೊಳಗೆ ಪ್ರಯಾಣ ಮಾಡುತ್ತಿದ್ದೆ. ಕಿತ್ತಿಟ್ಟ ಭತ್ತದ ಸಸಿಗಳು, ಹುಲ್ಲಿನ ಬಣವೆಗಳು, ತಾಳೆ ತೆಂಗುಗಳ ಸಾಲು, ಅಂಗಳದ ರಂಗವಲ್ಲಿಯ ನಡುವೆ ಹೂವು ಸಿಕ್ಕಿಸಿದ ಸಗಣಿಯ ಗೊಬ್ಬೆಮ್ಮಗಳು, ಬಣ್ಣದ ಬಟ್ಟೆ ಹೊದ್ದ ಗಂಗಿರೆದ್ದು ಎತ್ತುಗಳು, ಕೋಳಿ ಅಂಕಕ್ಕೆ ಹುಂಜಗಳನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಗಂಡಸರು. ಏಲೂರಿಗೆ ಉತ್ತರಕ್ಕೆ ಸ್ವಲ್ಪವೇ ದೂರದಲ್ಲಿರುವ ಪೆದವೇಗಿಯು ವೆಂಗಿಯ ರಾಜಧಾನಿಯಿದ್ದ ಸ್ಥಳ. ದಕ್ಷಿಣಕ್ಕೆ ಕೊಲ್ಲೇರು ಸರೋವರ. ಬಾದಾಮಿಯ ಪುಲಕೇಶಿಯು ಈ ಸರೋವರದ ನೀರನ್ನು ಹತರಾದವರ ರಕ್ತದಿಂದ ಕೆಂಪಾಗಿಸಿದನೆಂದೂ ಪಿಷ್ಟಪುರದ ದುರ್ಗವನ್ನು ಪುಡಿಗೈದನೆಂದೂ ಐಹೊಳೆಯ ಮೇಗುತಿಯ ಗೋಡೆಯಲ್ಲಿ ರವಿಕೀರ್ತಿಯು 634ರಲ್ಲಿ ಬರೆಯಿಸಿದ್ದಾನೆ. ಗೆದ್ದ ನಾಡನ್ನು ಪುಲಕೇಶಿಯು ತಮ್ಮನಾದ ವಿಷ್ಣುವರ್ಧನನ ವಶಕ್ಕೆ ಬಿಟ್ಟನು. ಆ ತಮ್ಮನ ಮಕ್ಕಳು ಮೊಮ್ಮಕ್ಕಳು ನಾಲ್ಕು ನೂರು ವರ್ಷಗಳಿಗೂ ಮೇಲೆ ಅಲ್ಲಿ ಆಳಿ ತೆಲುಗರೇ ಆಗಿಹೋದರು. ಇವೆಲ್ಲವನ್ನೂ ನಾನು ಉತ್ಸಾಹದಿಂದ ವಿವರಿಸುತ್ತಿರಲು ಮಿತ್ರನು ಗಂಟೆಗೆ ಎಪ್ಪತ್ತು ಕಿಲೋಮೀಟರಿನ ವೇಗವನ್ನು ಕಡಿಮೆ ಮಾಡದೆಯೇ ತಲೆದೂಗಿದನು.

ಕೊವ್ವೂರಿನಲ್ಲಿ ಗೋದಾವರಿ. 1974ರಲ್ಲಿ ತೆರೆದ, ಮೇಲೆ ರಸ್ತೆಯೂ ಕೆಳಗೆ ರೈಲೂ ಇರುವ ಉದ್ದನೆಯ ಸೇತುವೆಯಲ್ಲಿ ನದಿಯನ್ನು ದಾಟುವುದಕ್ಕೆ ಹಿಡಿದ ಕಾಲದಲ್ಲಿ ರಾಯಚೂರಿನ ಬೇಸಗೆಯ ಕೃಷ್ಣೆಯನ್ನು ಹಲವು ಸಲ ದಾಟಬಹುದು. ಆಚೆಯ ದಡದ ರಾಜಮಹೇಂದ್ರಿಯು ತೆಲುಗಿನ ಆದಿಕವಿ ನನ್ನಯ್ಯನ ಊರು. ರಾಜರಾಜ ನರೇಂದ್ರನ ಆಸ್ಥಾನದಲ್ಲಿ ಅವನು ಭಾರತವನ್ನು ತೆಲುಗಿಗೆ ತರುವಾಗ ನೆರವಾದ ನಾರಾಯಣಭಟ್ಟನನ್ನು, ಸಂಸ್ಕೃತ, ಕರ್ಣಾಟ, ಪ್ರಾಕೃತ, ಪೈಶಾಚಿಕ, ಆಂಧ್ರ ಭಾಷೆಗಳಲ್ಲಿ ಕವಿಯೆಂದು ನಂದಂಪೂಡಿಯ ಶಾಸನವು ಹೊಗಳುತ್ತದೆ. ತೆಲುಗಿನ ಮೊದಲ ಮಹಾಕಾವ್ಯವು ಹುಟ್ಟಿದ ಮನೆಯಲ್ಲಿ ಕನ್ನಡ ಬಲ್ಲ ಕವಿಯೊಬ್ಬ ಕೈಜೋಡಿಸಿದ್ದನೆಂಬ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಹೇಳುವುದಿಲ್ಲವೋ ನಾನರಿಯೆ. ಕತ್ತಿಪೂಡಿಗೆ ಬಂದಾಗ ಬಲಕ್ಕೆ ತಿರುಗುವ ರಸ್ತೆಯಲ್ಲಿ ಪಿಠಾಪುರವೆಂಬ ಕೈಮರ; ಐಹೊಳೆಯ ಶಾಸನದ ಪಿಷ್ಟಪುರ ಅದೇ. ಕುಕ್ಕುಟೇಶ್ವರನೆಂಬ ದೇವರೂ ಅಲ್ಲಿರುವುದನ್ನು ನಾನು ತಕ್ಷಣವೇ ನಿವೇದಿಸಿದೆನಾದರೂ, “ಬರುವಾಗ ನೋಡೋಣಂತೆ” ಎಂಬ ಉತ್ತರ ಬಂತು. ಬರುವಾಗ ಆ ತಿರುವನ್ನು ದಾಟಿದ್ದು ನಡುರಾತ್ರಿಯಲ್ಲಿ.

ಬೆಲ್ಲದ ಪೇಟೆಯಾದ ಅನಕಾಪಲ್ಲಿಯನ್ನು ಕಳೆದು ವಿಶಾಖಪಟ್ಟಣವನ್ನು ಸೇರಿದ ಮೇಲೆ ಕಂಡ ಸಮುದ್ರದ ವಿಷಯದಲ್ಲಿ ನಾನು ಹೇಳಬೇಕಾದದ್ದು ಸ್ವಲ್ಪ. ನಮ್ಮ ಕರಾವಳಿಯವರಿಗೆ ಸಮುದ್ರವು ಸೂರ್ಯನನ್ನು ನುಂಗುವುದು, ಇಲ್ಲಿ ಹೆರುವುದು. ಡಾಲ್ಫಿನ್ಸ್ ನೋಸ್ ಎಂಬ ಗುಡ್ಡದ ಕೋಡು ನೀರಿನೊಳಕ್ಕೆ ಚಾಚಿ ಬಂದರಿಗೆ ಕಾವಲು ನಿಂತಿದೆ. ಬಂದರಿನ ಪಕ್ಕದ ಮೂರು ದಿಬ್ಬಗಳ ಮೇಲೆ ಚರ್ಚು, ದರ್ಗಾ, ವೆಂಕಟೇಶ್ವರನ ಗುಡಿ ನೆರೆಹೊರೆಯಾಗಿವೆ. 1933ರಲ್ಲಿ ತೆರೆದ ಆ ಬಂದರನ್ನು ಕಡಲಕೊರೆತದಿಂದ ಉಳಿಸುವ ಉಪಾಯದಲ್ಲಿ ವಿಶ್ವೇಶ್ವರಯ್ಯನವರ ಬುದ್ಧಿಯೂ ಸೇರಿತ್ತೆಂದು ದಲ್ಲಾಳಿಯ ಕಚೇರಿಯವರು ಹೆಮ್ಮೆಯಿಂದ ಹೇಳಿದರು. ಅವರ ಪಾಲಿಗೆ ಆ ಮಹನೀಯರು ಮೋಕ್ಷಗುಂಡದವರು, ತೆಲುಗರು, ಹುಟ್ಟೂರಾದ ಮುದ್ದೇನಹಳ್ಳಿಯ ಸುದ್ದಿಯೇ ಇಲ್ಲ. ನಾನು ಪ್ರತಿಭಟಿಸಲಿಲ್ಲ. ಆ ನಗರದಲ್ಲಿ ಮೈಸೂರಿನ ನೆನಪುಗಳು ಬೇರೆಯೂ ಇದ್ದುವು. 1926ರಲ್ಲಿ ಬೆಜವಾಡದಲ್ಲಿ ಸ್ಥಾಪಿತವಾಗಿ 1930ರಲ್ಲಿ ವಾಲ್ಟೇರಿನ ದಿಬ್ಬಕ್ಕೆ ಬಂದ ಆಂಧ್ರ ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ, 1931ರಲ್ಲಿ ಅವರ ಸ್ಥಾನಕ್ಕೆ ಬಂದ ರಾಧಾ­ಕೃಷ್ಣನ್ ಅವರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದ ವಾಲ್ಚಂದ್ ಹೀರಾಚಂದರೇ ಮರುವರ್ಷ ಇಲ್ಲಿ ಹಡಗುಕಟ್ಟೆಗೆ ತಳಹದಿಯನ್ನು ಹಾಕಿಸಿದರು. ಅಲ್ಲಿ ಸಿದ್ಧವಾದ ಜಲ ಉಷಾ ಎಂಬ ಹಡಗನ್ನು 1948ರ ಮಾರ್ಚಿಯಲ್ಲಿ ನೀರಿಗಿಳಿಸಿದವರು ನೆಹರೂ.

ಸಿಂಹಾಚಲಕ್ಕೆ ಹೋದದ್ದು ಭಾನುವಾರ. ದೇವರಿಗೆ ಅವಧಿಯ ಮಿತಿಯಿಲ್ಲವೆಂದು ಮಿತ್ರನೇ ಒಪ್ಪಿದ್ದರಿಂದ, ಆ ಇಡೀ ಯಾತ್ರೆಯಲ್ಲಿ ನಾನು ಸಾವಧಾನವಾಗಿ ನೋಡಿದ ಸ್ಥಳವೆಂದರೆ ಅದೊಂದೇ. ಸಂಪಿಗೆಯ ಮರಗಳೂ ಅನಾನಸಿನ ತೋಟಗಳೂ ಹಬ್ಬಿದ ಬೆಟ್ಟದ ಮೇಲೆ ಹದಿಮೂರನೆಯ ಶತಮಾನದಲ್ಲಿ ಗಂಗವಂಶದ ಅರಸರು ಕಟ್ಟಿಸಿದ ಗುಡಿಯು ಪಶ್ಚಿಮಾಭಿಮುಖವಾಗಿದೆ. ಒಳಗೆ ವರಾಹನರಸಿಂಹನು ವರ್ಷವಿಡೀ ಗಂಧದ ಲೇಪದಲ್ಲಿ ಹುದುಗಿ ಲಿಂಗಾಕಾರವಾಗಿ ತೋರುತ್ತಾನೆ, ನಿಜರೂಪದ ದರ್ಶನವು ಅಕ್ಷಯತೃತೀಯೆಯ ದಿನ ಮಾತ್ರ. ಗಂಧದ ನಾಡಿನಿಂದ ಬಂದ ನಾವು ಗಂಧವನ್ನೇ ಮೈಯಾಗಿ ಮಾಡಿಕೊಂಡ ದೇವರ ಮುಂದೆ ನಿಂತಿದ್ದೆವು. ಕೃಷ್ಣದೇವರಾಯನು 1516ರಲ್ಲಿ ರಾಣಿಯರಾದ ಚಿನ್ನಾದೇವಿ ತಿರುಮಲದೇವಿಯರೊಡನೆ ಇಲ್ಲಿಗೆ ಬಂದು ಮುತ್ತಿನ ಹಾರ ಮೊದಲಾದ ಆಭರಣಗಳನ್ನು ಒಪ್ಪಿಸಿದ ಶಾಸನ ಆ ಗುಡಿಯಲ್ಲಿದೆ. ಹಂಪಿಯ ವಿಠ್ಠಲನ ಗುಡಿಯನ್ನು ಬಾಲ್ಯದಿಂದ ನೋಡುತ್ತ ಬೆಳೆದು, ಅಲ್ಲಿಯ ಗರ್ಭಗೃಹ ಬರಿದಾಗಿರುವುದಕ್ಕೆ ಒಗ್ಗಿಹೋಗಿದ್ದ ನಮ್ಮ ಕಣ್ಣಿಗೆ, ರಾಯನು ಕೈಮುಗಿದ ದೇವರೊಬ್ಬನು ದೀಪ, ನೈವೇದ್ಯ, ಜನಸಂದಣಿಗಳ ನಡುವೆ ಯಥಾಪ್ರಕಾರವಾಗಿ ಪೂಜೆಗೊಳ್ಳುತ್ತಿರುವುದು ಅಪೂರ್ವವಾಗಿ ಕಂಡಿತು. ನನ್ನ ಮಿತ್ರನು ಬಹಳ ಹೊತ್ತು ಮಾತಾಡಲಿಲ್ಲ. ಕೆಳಗಿಳಿಯುವಾಗ, “ನಮ್ಮ ಊರಿನ ರಾಜ ಕೊಟ್ಟದ್ದು ಇಲ್ಲಿ ಐತಿ, ನಮ್ಮ ಊರಾಗ ಕಲ್ಲು ಉಳಿದೈತಿ” ಎಂದನು. ಈ ವಿಷಯವನ್ನು ಕುರಿತು ಪಂಡಿತರು ಬರೆದ ಪುಟಗಳಲ್ಲಿ ಇದಕ್ಕಿಂತ ನೇರವಾದ ವಾಕ್ಯವನ್ನು ನಾನು ಓದಿಲ್ಲ.

ಸೋಮವಾರ ದಲ್ಲಾಳಿಯ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು, ಹಿಂಡಿಯ ದರ ಕುದುರಲಿಲ್ಲ, ನಾವು ಬಂದ ವೇಗದಲ್ಲಿಯೇ ಮರಳಿದೆವು. ವೇಗದ ಪ್ರಯಾಣವನ್ನು ಹಳಿಯುವುದು ನನ್ನಂಥ ಮೇಷ್ಟರುಗಳಿಗೆ ಅಭ್ಯಾಸ. ಆದರೆ ಬಾದಾಮಿಯಿಂದ ವೆಂಗಿಗೆ, ವೆಂಗಿಯಿಂದ ಪಂಪನಿಗೆ, ಹಂಪೆಯಿಂದ ಸಿಂಹಾಚಲಕ್ಕೆ ಇರುವ ಎಳೆಗಳು ಬಿಡಿಬಿಡಿಯಾಗಿ ಪುಸ್ತಕದಲ್ಲಿ ದೊರೆತಾಗ ಕಾಣದಿದ್ದ ಅವುಗಳ ಹೆಣಿಗೆಯು ನನಗೆ ತೋರಿದ್ದು ಆ ಓಟದಲ್ಲಿಯೇ ಎಂಬುದನ್ನು ನಾನು ಮರೆಮಾಚಲಾರೆ. ನಿಧಾನವಾಗಿ ಹೋಗಿದ್ದರೆ ಕೊಂಡವೀಡಿನ ಕೋಟೆಯಲ್ಲಿಯೇ ರಜೆ ಮುಗಿದುಹೋಗುತ್ತಿತ್ತು.

ಈಗ ಹೆದ್ದಾರಿ ಅಗಲವಾಗಿದೆ, ಬ್ಯಾರೇಜಿನ ಕೆಳಗಡೆ ಕನಕದುರ್ಗಾ ವಾರಧಿ ಎಂಬ ಬೇರೆ ಸೇತುವೆಯೂ ಆಗಿದೆ, ವಿಶಾಖಪಟ್ಟಣದ ಕಡಲತೀರದಲ್ಲಿ ಕುರ್ಸುರಾ ಎಂಬ ಜಲಾಂತರ್ಗಾಮಿಯನ್ನು ದಡಕ್ಕೆಳೆದು ಜನರಿಗೆ ತೋರಿಸುತ್ತಾರೆ. ಆ ಕಡೆ ಹೊರಟ ಕನ್ನಡಿಗ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ಹೊಸ ಸೇತುವೆಯನ್ನು ಬಿಟ್ಟು ಹಳೆಯ ಬ್ಯಾರೇಜಿನ ಮೇಲೆ ನದಿಯನ್ನು ದಾಟಿರಿ, ಏಲೂರಿನಲ್ಲಿ ಪೆದವೇಗಿಯ ದಾರಿಯನ್ನು ಕೇಳಿರಿ, ಮತ್ತು ಕತ್ತಿಪೂಡಿಯಲ್ಲಿ, ಕಾರು ಓಡಿಸುವ ಮಿತ್ರನು ಏನೇ ಹೇಳಲಿ, ಹೋಗುವಾಗಲೇ ಬಲಕ್ಕೆ ತಿರುಗಿರಿ.